ಅರವತ್ತು ಕ್ರೆಡಿಟ್‌ಗಳ ವಿದ್ಯೆ

ನಟ ಟಾಮ್ ಹ್ಯಾಂಕ್ಸ್ ಓಕ್‌ಲ್ಯಾಂಡಿನಲ್ಲಿ ಹೈಸ್ಕೂಲು ಮುಗಿಸಿದ್ದು 1974ರಲ್ಲಿ. ಅಂಕಗಳು ಅಷ್ಟಕ್ಕಷ್ಟೆ. ಎಂಐಟಿಗೂ ವಿಲನೋವಾ ವಿಶ್ವವಿದ್ಯಾಲಯಕ್ಕೂ ಅರ್ಜಿ ಹಾಕಿದ್ದರು. ಎರಡೂ ಕಡೆ ಸೀಟು ಸಿಗುವುದಿಲ್ಲವೆಂದು ಹಾಕುವಾಗಲೇ ಅವರಿಗೆ ಗೊತ್ತಿತ್ತು. ಮೂರನೆಯ ಅರ್ಜಿ ಹತ್ತಿರದ ಹೇವರ್ಡ್ ಊರಿನ ಶಬೋ ಎಂಬ ಎರಡು ವರ್ಷದ ಕಮ್ಯುನಿಟಿ ಕಾಲೇಜಿಗೆ. ಅಲ್ಲಿ ಕೇಳಿದವರಿಗೆಲ್ಲ ಸೀಟು. ಆ ಕಾಲಕ್ಕೆ ಶುಲ್ಕವೂ ಇರಲಿಲ್ಲ, ಹಳೆಯ ಪಠ್ಯಪುಸ್ತಕ ಕೊಳ್ಳಲು ಒಂದಿಷ್ಟು ಕಾಸು ಹೊಂದಿಸಿದರೆ ಸಾಕಿತ್ತು.

ಶಬೋದಲ್ಲಿ ಅವರು ಇತಿಹಾಸ ಓದಿದರು, ಷೇಕ್ಸ್‌ಪಿಯರನನ್ನು ಓದಿದರು. ಹತ್ತು ಜನರೆದುರು ನಿಂತು ತೊದಲದೆ ಮಾತಾಡುವುದನ್ನು ಕಲಿಸುವ ತರಗತಿಗೆ ಕೂತರು. ನಾಟಕದ ತರಗತಿಗಾಗಿ ಯೂಜೀನ್ ಓನೀಲ್‌ನ ನಾಟಕ ಓದಿ, ಅದರ ಪ್ರಯೋಗ ನೋಡಲು ಬರ್ಕ್ಲಿಗೆ ಹೋದರು. ಆಮೇಲೆ ಅಲ್ಲಿಂದ ಸ್ಯಾಕ್ರಮೆಂಟೊದ ರಾಜ್ಯ ವಿಶ್ವವಿದ್ಯಾಲಯಕ್ಕೆ ವರ್ಗವಾದರು. ನಾಲ್ಕು ದಶಕಗಳ ನಂತರ, 2015ರ ಜನವರಿಯಲ್ಲಿ, ಅಧ್ಯಕ್ಷ ಒಬಾಮ ಎರಡು ವರ್ಷದ ಕಮ್ಯುನಿಟಿ ಕಾಲೇಜು ಶಿಕ್ಷಣ ಉಚಿತವಾಗಬೇಕೆಂದು ಪ್ರಸ್ತಾಪಿಸಿದಾಗ, ಹ್ಯಾಂಕ್ಸ್ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಲೇಖನ ಬರೆದು ಶಬೋದ ಋಣವನ್ನು ನೆನೆದರು. ತಾವು ನಿರ್ಮಿಸಿದ ‘ಜಾನ್ ಆಡಮ್ಸ್’ ಟಿವಿ ಸರಣಿಯ ಕಥೆಯನ್ನು ಹೊಂದಿಸಿದ ಬಗೆ ಅಲ್ಲಿನ ಇತಿಹಾಸದ ಮೇಷ್ಟ್ರಿಂದ ಕಲಿತದ್ದು ಎಂದರು.

ಇತಿಹಾಸ, ನಾಟಕ, ಭಾಷಣ. ಇವುಗಳಲ್ಲಿ ಯಾವುದನ್ನೂ ‘ಕೆಲಸ ಕೊಡಿಸುವ ಕೋರ್ಸು’ ಎಂದು ಯಾರೂ ಕರೆಯುವುದಿಲ್ಲ. ಹಾಗಿದ್ದೂ ಊರಿನ ಸಣ್ಣ ಕಾಲೇಜೊಂದು ಇವನ್ನೆಲ್ಲ ಏಕೆ ಕಲಿಸುತ್ತದೆ? ಕಲಿಯಲು ಬರುವವರು ಯಾರು? ಕಲಿತದ್ದು ಎಲ್ಲಿಗೆ ಮುಟ್ಟಿಸುತ್ತದೆ?

ರಾಜಕುಮಾರನ ಪಾಠಪಟ್ಟಿ

ಇಂಥ ವಿದ್ಯೆಗಳನ್ನು ಅಮೆರಿಕದಲ್ಲಿ ಲಿಬರಲ್ ಆರ್ಟ್ಸ್ ಎನ್ನುತ್ತಾರೆ. ಕರ್ನಾಟಕದಲ್ಲಿ ‘ಆರ್ಟ್ಸ್’ ಎಂಬ ಮಾತಿಗೆ ಬೇರೆಯದೇ ಬಣ್ಣ ಅಂಟಿದೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಲ್ಲೇ ಸೈನ್ಸೋ, ಕಾಮರ್ಸೋ, ಆರ್ಟ್ಸೋ ಎಂಬುದು ಇತ್ಯರ್ಥವಾಗಬೇಕು. ಸೈನ್ಸಿಗೆ ಹೋದವನಿಗೆ ಇತಿಹಾಸ ಅಲ್ಲಿಗೆ ಮುಗಿಯಿತು. ಆರ್ಟ್ಸಿಗೆ ಹೋದವಳಿಗೆ ಗಣಿತದ ಕಾಟ ತಪ್ಪಿತು. ಲಿಬರಲ್ ಆರ್ಟ್ಸ್ ಎಂದೊಡನೆ ನಮ್ಮ ಬಹುಪಾಲು ಪೋಷಕರಿಗೆ ಬಿಎ ನೆನಪಾಗುವುದು ಇದರಿಂದಲೇ.

ಲ್ಯಾಟಿನ್ನಿನ ‘ಆರ್ಟೆಸ್ ಲಿಬೆರಾಲೆಸ್’ ಎಂಬುದು ಲಿಬರಲ್ ಆರ್ಟ್ಸ್ ಎಂಬ ಮಾತಿನ ಮೂಲ. ಗುಲಾಮನಲ್ಲದ, ಸ್ವತಂತ್ರನಾದ ಪ್ರಜೆಗೆ ತಕ್ಕ ವಿದ್ಯೆಗಳು ಎಂದು ಅದರ ಅರ್ಥ. ಮಧ್ಯಯುಗದ ಯುರೋಪಿನಲ್ಲಿ ಇವು ಏಳೆಂದು ಗೊತ್ತಾದವು: ವ್ಯಾಕರಣ, ತರ್ಕ, ವಾಕ್ಪಟುತ್ವ, ಅಂಕಗಣಿತ, ರೇಖಾಗಣಿತ, ಸಂಗೀತ, ಖಗೋಳ. ಏಳರಲ್ಲಿ ನಾಲ್ಕು ಲೆಕ್ಕದ ಕಡೆಯವು. ಇಂದಿಗೂ ಅಮೆರಿಕದಲ್ಲಿ ಲಿಬರಲ್ ಆರ್ಟ್ಸ್ ಎಂದರೆ ಭೌತವಿಜ್ಞಾನವೂ ಸೇರಿತು, ಸಂಖ್ಯಾಶಾಸ್ತ್ರವೂ ಸೇರಿತು, ಕಾವ್ಯವೂ ಸೇರಿತು. ನೇರವಾಗಿ ಒಂದು ಕಸುಬಿಗೆ ತಯಾರು ಮಾಡುವ ಪಾಠ ಮಾತ್ರ ಅದರ ಹೊರಗೆ.

ಭಾರತದ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಈ ಕಲ್ಪನೆಗೆ ನಮ್ಮಲ್ಲೇ ಪೂರ್ವಜರನ್ನು ಹುಡುಕಿತು. ಒಳ್ಳೆಯ ಶಿಕ್ಷಣವೆಂದರೆ 64 ಕಲೆಗಳ ಅರಿವು ಎಂಬುದಕ್ಕೆ ಅದು ಕೊಟ್ಟ ಸಾಕ್ಷಿ ಬಾಣಭಟ್ಟನ ‘ಕಾದಂಬರಿ’, ನಾಗವರ್ಮ ಕನ್ನಡಕ್ಕೆ ತಂದ ಅದೇ ಕಾವ್ಯ. ಆ ಕಥೆಯಲ್ಲಿ ತಾರಾಪೀಡ ರಾಜ ಮಗ ಚಂದ್ರಾಪೀಡನಿಗಾಗಿ ಊರಾಚೆ ವಿದ್ಯಾಮಂದಿರ ಕಟ್ಟಿಸಿ, ಒಂದೊಂದು ವಿದ್ಯೆಗೂ ತಕ್ಕ ಗುರುಗಳನ್ನು ಕರೆಸುತ್ತಾನೆ. ಅಂದರೆ ಅಲ್ಲಿಯೂ ಇಲ್ಲಿಯೂ ಮಾತು ಒಂದೇ: ಹಲವು ವಿದ್ಯೆಗಳನ್ನು ಬಿಡುವಾಗಿ ಕಲಿಯುವ ಭಾಗ್ಯ ದುಡಿಯದೆ ಉಣ್ಣಬಲ್ಲವನದು. ಆ ರಾಜಕುಮಾರನ ಪಾಠಪಟ್ಟಿಯನ್ನು, ಗೋದಾಮಿನಲ್ಲಿ ರಾತ್ರಿ ಪಾಳಿ ಮುಗಿಸಿ ಬಂದವನ ಕೈಗಿಡಲು ಹೊರಟದ್ದು ಕಮ್ಯುನಿಟಿ ಕಾಲೇಜು.

ಆರು ಜನರಿಂದ ಶುರುವಾದದ್ದು

ಷಿಕಾಗೋದಿಂದ ಅಷ್ಟೇನೂ ದೂರವಿಲ್ಲದ ಜೋಲಿಯೆಟ್ ಪಟ್ಟಣದ ಹೈಸ್ಕೂಲಿನಲ್ಲಿ 1901ರಲ್ಲಿ ಒಂದು ಪ್ರಯೋಗ ನಡೆಯಿತು. ಹೈಸ್ಕೂಲಿನ ಮುಖ್ಯಸ್ಥ ಜೆ. ಸ್ಟ್ಯಾನ್ಲಿ ಬ್ರೌನ್ ಮತ್ತು ಷಿಕಾಗೋ ವಿಶ್ವವಿದ್ಯಾಲಯದ ಅಧ್ಯಕ್ಷ ವಿಲಿಯಂ ರೇನಿ ಹಾರ್ಪರ್ ಸೇರಿ, ಪದವಿಯ ಮೊದಲ ಎರಡು ವರ್ಷದ ಪಾಠವನ್ನು ಊರಿನಲ್ಲೇ ಕೊಡುವ ಏರ್ಪಾಡು ಮಾಡಿದರು. ಸೇರಿದವರು ಆರು ಜನ. ಇಂದು ಜೋಲಿಯೆಟ್ ಜೂನಿಯರ್ ಕಾಲೇಜನ್ನು ಅಮೆರಿಕದ ಅತಿ ಹಳೆಯ ಸಾರ್ವಜನಿಕ ಕಮ್ಯುನಿಟಿ ಕಾಲೇಜೆಂದು ಗುರುತಿಸುತ್ತಾರೆ. ದೇಶದಾದ್ಯಂತ ಅಂಥವು ಸಾವಿರಕ್ಕೂ ಹೆಚ್ಚಿವೆ.

‘ಜೂನಿಯರ್ ಕಾಲೇಜು’ ಎಂಬ ಹೆಸರು ಸರಿದು ‘ಕಮ್ಯುನಿಟಿ ಕಾಲೇಜು’ ಎಂಬುದು ಚಾಲ್ತಿಗೆ ಬಂದದ್ದು ಎರಡನೇ ಮಹಾಯುದ್ಧದ ಬಳಿಕ. ಯುದ್ಧದಿಂದ ಮರಳಿದ ಸೈನಿಕರಿಗೆ ಸರ್ಕಾರವೇ ಓದಿನ ಖರ್ಚು ಕೊಡುವ ಕಾಯ್ದೆ 1944ರಲ್ಲಿ ಬಂದಿತ್ತು, ಕಾಲೇಜುಗಳು ತುಂಬಿ ತುಳುಕುತ್ತಿದ್ದವು. ಅಧ್ಯಕ್ಷ ಟ್ರೂಮನ್ ನೇಮಿಸಿದ ಆಯೋಗ 1947ರ ವರದಿಯಲ್ಲಿ, ಮನೆಯಿಂದಲೇ ಹೋಗಿ ಬರಬಹುದಾದ, ಎಲ್ಲರಿಗೂ ಬಾಗಿಲು ತೆರೆದ ಎರಡು ವರ್ಷದ ಕಾಲೇಜುಗಳ ಜಾಲ ಬೇಕೆಂದಿತು. ಕೌಶಲ ತರಬೇತಿಯ ಜೊತೆಗೆ ಸಾಮಾನ್ಯ ಶಿಕ್ಷಣವೂ ಅಲ್ಲಿ ಇರಬೇಕೆಂಬುದು ಆಯೋಗದ ನಿಲುವು. ಕ್ಯಾಲಿಫೋರ್ನಿಯಾ 1960ರಲ್ಲಿ ಇದನ್ನು ನಕ್ಷೆಯಂತೆಯೇ ಬರೆದಿಟ್ಟಿತು. ಹೈಸ್ಕೂಲು ಮುಗಿಸಿದವರಲ್ಲಿ ಮುಂಚೂಣಿಯ ಎಂಟನೇ ಒಂದು ಭಾಗಕ್ಕೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಮೂರನೇ ಒಂದು ಭಾಗದೊಳಗಿನವರಿಗೆ ರಾಜ್ಯ ವಿಶ್ವವಿದ್ಯಾಲಯ, ಮಿಕ್ಕವರಿಗೆಲ್ಲ ಊರಿನ ಕಾಲೇಜು. ಅಲ್ಲಿ ಎರಡು ವರ್ಷ ಚೆನ್ನಾಗಿ ಓದಿದರೆ ಮೇಲಿನ ಎರಡಕ್ಕೂ ದಾಟಿಕೊಳ್ಳುವ ದಾರಿ. ಈಗ ಆ ರಾಜ್ಯವೊಂದರಲ್ಲೇ 116 ಕಮ್ಯುನಿಟಿ ಕಾಲೇಜುಗಳಿವೆ.

ಖರ್ಚಿನ ಅಂತರ ಸಣ್ಣದಲ್ಲ. ಕಾಲೇಜ್ ಬೋರ್ಡ್‌ನ ಲೆಕ್ಕದಂತೆ 2024–25ರಲ್ಲಿ ಸ್ಥಳೀಯ ವಿದ್ಯಾರ್ಥಿಗೆ ಕಮ್ಯುನಿಟಿ ಕಾಲೇಜಿನ ಸರಾಸರಿ ವಾರ್ಷಿಕ ಶುಲ್ಕ 4,050 ಡಾಲರ್. ತನ್ನದೇ ರಾಜ್ಯದ ನಾಲ್ಕು ವರ್ಷದ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ 11,610. ಖಾಸಗಿ ಕಾಲೇಜಿನಲ್ಲಿ 43,350. ಕ್ಯಾಲಿಫೋರ್ನಿಯಾದಲ್ಲಿ 1984ರವರೆಗೆ ಶುಲ್ಕವೇ ಇರಲಿಲ್ಲ. ಈಗ ಅಲ್ಲಿನ ನಿವಾಸಿಗಳಿಗೆ ಯೂನಿಟ್ಟಿಗೆ (ಕ್ರೆಡಿಟ್ಟಿಗೆ ಅಲ್ಲಿನ ಹೆಸರು) 46 ಡಾಲರ್. ವರ್ಷಕ್ಕೆ 30 ಯೂನಿಟ್ ಓದಿದರೂ 1,380 ಡಾಲರಿಗೆ ಮುಗಿಯುತ್ತದೆ. ಹೊರದೇಶದಿಂದ ಓದಲೆಂದೇ ಬರುವವರಿಗೆ ಈ ದರ ಅನ್ವಯಿಸುವುದಿಲ್ಲ, ಅವರ ಶುಲ್ಕ ಇದರ ಹಲವು ಪಟ್ಟು.

ಒಂದು ಸೆಮಿಸ್ಟರಿನ ಒಳಗೆ

ಲಿಬರಲ್ ಆರ್ಟ್ಸ್ ಆಯ್ದುಕೊಂಡವರು ಇಲ್ಲಿ ಪಡೆಯುವುದು ‘ಅಸೋಸಿಯೇಟ್ ಆಫ್ ಆರ್ಟ್ಸ್’ ಎಂಬ ಎರಡು ವರ್ಷದ ಪದವಿ. ಒಟ್ಟು 60 ಕ್ರೆಡಿಟ್. ವಾರಕ್ಕೆ ಮೂರು ಗಂಟೆ ನಡೆಯುವ ತರಗತಿಗೆ ಸಾಮಾನ್ಯವಾಗಿ ಮೂರು ಕ್ರೆಡಿಟ್, ಹಾಗಾಗಿ ಪದವಿಗೆ ಹೆಚ್ಚುಕಡಿಮೆ ಇಪ್ಪತ್ತು ಕೋರ್ಸು. ಇವುಗಳ ದೊಡ್ಡ ಪಾಲು ಸಾಮಾನ್ಯ ಶಿಕ್ಷಣದ್ದು: ಇಂಗ್ಲಿಷ್ ಬರವಣಿಗೆ, ಗಣಿತ, ಪ್ರಯೋಗಾಲಯ ಸಹಿತ ಒಂದು ವಿಜ್ಞಾನ, ಸಮಾಜ ವಿಜ್ಞಾನ, ಸಾಹಿತ್ಯ ಅಥವಾ ಕಲೆ, ಭಾಷಣ. ಒಬ್ಬಳೇ ವಿದ್ಯಾರ್ಥಿನಿ ಒಂದೇ ಸೆಮಿಸ್ಟರಿನಲ್ಲಿ ಮನಃಶಾಸ್ತ್ರ, ಭೂವಿಜ್ಞಾನ, ಚಿತ್ರಕಲೆಯ ಇತಿಹಾಸ ಮತ್ತು ಸಂಖ್ಯಾಶಾಸ್ತ್ರ ಓದುತ್ತಿದ್ದರೆ ಯಾರೂ ಹುಬ್ಬೇರಿಸುವುದಿಲ್ಲ. ಮುಂದೇನು ಓದಬೇಕೆಂಬ ತೀರ್ಮಾನವನ್ನು ಮುಂದೂಡಲು ಅವಳಿಗೆ ಅವಕಾಶವಿದೆ, ಆ ಅವಕಾಶಕ್ಕೆ ಕ್ರೆಡಿಟ್ಟೂ ಉಂಟು.

ಪಕ್ಕದ ಕುರ್ಚಿಯಲ್ಲಿ ಕೂತವರು ಹದಿನೆಂಟು ತುಂಬಿದ ಹುಡುಗರೇ ಆಗಿರಬೇಕಿಲ್ಲ. ಮಕ್ಕಳನ್ನು ಶಾಲೆಗೆ ಬಿಟ್ಟು ಬಂದ ತಾಯಿ, ಸೈನ್ಯ ಬಿಟ್ಟು ಬಂದವನು, ಎರಡನೇ ಭಾಷೆಯಾಗಿ ಇಂಗ್ಲಿಷ್ ಕಲಿತ ವಲಸಿಗ, ಅಂಗಡಿಯ ಕ್ಯಾಷ್ ಕೌಂಟರಿನಿಂದ ಎದ್ದು ಬಂದವಳು. ಮೂವರಲ್ಲಿ ಇಬ್ಬರು ಅರೆಕಾಲಿಕ ವಿದ್ಯಾರ್ಥಿಗಳು. ಸಂಜೆಯ ತರಗತಿಗಳೂ ಉಂಟು, ಹಾಸ್ಟೆಲ್ಲುಗಳು ಅಪರೂಪ. ಪಾಠ ಮುಗಿದೊಡನೆ ಪಾರ್ಕಿಂಗ್ ಲಾಟು ಖಾಲಿ.

ಸಣ್ಣ ಕಾಲೇಜಿನ ದೊಡ್ಡ ಲಾಭ ಮೇಷ್ಟ್ರು. ಹೆಸರಾಂತ ವಿಶ್ವವಿದ್ಯಾಲಯಗಳಲ್ಲಿ ಮೊದಲ ವರ್ಷದ ಪಾಠ ನೂರಾರು ಜನ ಕೂರುವ ಸಭಾಂಗಣದಲ್ಲಿ ನಡೆಯುವುದುಂಟು, ಪ್ರಬಂಧ ತಿದ್ದುವವರು ಸಂಶೋಧನಾ ವಿದ್ಯಾರ್ಥಿಗಳು. ಇಲ್ಲಿ ತರಗತಿಯೇ ಚಿಕ್ಕದು, ಪಾಠ ಮಾಡಿದವರೇ ಪ್ರಬಂಧವನ್ನೂ ತಿದ್ದುತ್ತಾರೆ. ಅಮೆರಿಕದ ಅಧ್ಯಕ್ಷರ ಪತ್ನಿಯಾಗಿದ್ದಾಗಲೂ ಜಿಲ್ ಬೈಡನ್ ಕೈಬಿಡದ ಕೆಲಸ ಇಂಥದ್ದೇ: ಉತ್ತರ ವರ್ಜೀನಿಯಾ ಕಮ್ಯುನಿಟಿ ಕಾಲೇಜಿನಲ್ಲಿ ಇಂಗ್ಲಿಷ್ ಬರವಣಿಗೆ ಕಲಿಸುವುದು.

ಇದೇ ಬಾಗಿಲಿನಿಂದ ಒಳಹೊಕ್ಕವರಲ್ಲಿ ಕಾದಂಬರಿಕಾರ ಆಸ್ಕರ್ ಇಹ್ವೇಲೋಸ್ ಒಬ್ಬರು. ಕ್ಯೂಬಾದಿಂದ ಬಂದ ದುಡಿಯುವ ದಂಪತಿಯ ಮಗ. ಬ್ರಾಂಕ್ಸ್ ಕಮ್ಯುನಿಟಿ ಕಾಲೇಜಿನಲ್ಲಿ ಓದು ಶುರುಮಾಡಿ, ನ್ಯೂಯಾರ್ಕಿನ ಸಿಟಿ ಕಾಲೇಜಿನಲ್ಲಿ ಸಾಹಿತ್ಯ ಮುಂದುವರಿಸಿ, 1990ರಲ್ಲಿ ಕಾದಂಬರಿಗಾಗಿ ಪುಲಿಟ್ಜರ್ ಪಡೆದರು. ಸ್ಪ್ಯಾನಿಷ್ ಭಾಷಿಕ ಮೂಲದ ಲೇಖಕರೊಬ್ಬರಿಗೆ ಆ ವಿಭಾಗದಲ್ಲಿ ಪ್ರಶಸ್ತಿ ಬಂದದ್ದು ಅದೇ ಮೊದಲು.

ಸೋರುವ ಕೊಡ

ಹ್ಯಾಂಕ್ಸ್, ಇಹ್ವೇಲೋಸ್‌ರಂಥ ಹೆಸರುಗಳನ್ನು ಕಾಲೇಜುಗಳು ಹೆಮ್ಮೆಯಿಂದ ಹೇಳಿಕೊಳ್ಳುತ್ತವೆ. ಅಂಕಿಅಂಶ ಬೇರೆ ಕಥೆ ಹೇಳುತ್ತದೆ. ಕಮ್ಯುನಿಟಿ ಕಾಲೇಜಿಗೆ ಸೇರುವಾಗ ಹತ್ತರಲ್ಲಿ ಎಂಟು ಮಂದಿಗೆ ಮುಂದೆ ನಾಲ್ಕು ವರ್ಷದ ಪದವಿ ಪಡೆಯುವ ಆಸೆ. ಸೇರಿದವರಲ್ಲಿ ನಿಜಕ್ಕೂ ವಿಶ್ವವಿದ್ಯಾಲಯಕ್ಕೆ ದಾಟುವವರು ಮೂರನೇ ಒಂದು ಭಾಗದಷ್ಟು. ಆರು ವರ್ಷದೊಳಗೆ ಪದವಿ ಕೈಗೆ ಬರುವುದು ನೂರಕ್ಕೆ ಸುಮಾರು ಹದಿನಾರು ಮಂದಿಗೆ.

ಈ ಸೋರಿಕೆ ಇಂದಿನದಲ್ಲ. ಸಮಾಜಶಾಸ್ತ್ರಜ್ಞ ಬರ್ಟನ್ ಕ್ಲಾರ್ಕ್ ಐವತ್ತರ ದಶಕದಲ್ಲಿ ಸ್ಯಾನ್ ಹೊಸೆಯ ಜೂನಿಯರ್ ಕಾಲೇಜೊಂದನ್ನು ಹತ್ತಿರದಿಂದ ನೋಡಿ 1960ರಲ್ಲಿ ಬರೆದ ಪ್ರಬಂಧ ಈಗಲೂ ಚರ್ಚೆಯಲ್ಲಿದೆ. ಅವರು ಕಂಡದ್ದು ಇದು: ಬಾಗಿಲು ಎಲ್ಲರಿಗೂ ತೆರೆದಿದೆ, ಒಳಗೆ ಬಂದವರ ಆಸೆಯನ್ನು ಮೆಲ್ಲಗೆ ತಣ್ಣಗಾಗಿಸಲಾಗುತ್ತದೆ. ಬೇಡವೆಂದು ಯಾರೂ ಹೇಳುವುದಿಲ್ಲ. ಪರೀಕ್ಷೆ, ಸಲಹೆಗಾರರ ಜೊತೆ ಮಾತು, ಮತ್ತೊಂದು ಪೂರ್ವಸಿದ್ಧತಾ ಕೋರ್ಸು ಎಂದು ಹಂತ ಹಂತವಾಗಿ ನಡೆದು ಕೊನೆಗೆ ವಿದ್ಯಾರ್ಥಿಯೇ ‘ನನಗೆ ಎರಡು ವರ್ಷದ ಕೆಲಸದ ಕೋರ್ಸೇ ಸಾಕು’ ಎನ್ನುವಂತಾಗುತ್ತದೆ. ಇದಕ್ಕೆ ಕ್ಲಾರ್ಕ್ ಬಳಸಿದ ‘ಕೂಲಿಂಗ್ ಔಟ್’ ಎಂಬ ಪದ ಮೂಲದಲ್ಲಿ ಮೋಸಗಾರರ ಪರಿಭಾಷೆ. ದುಡ್ಡು ಕಳೆದುಕೊಂಡವನು ರಂಪ ಮಾಡದಂತೆ ಪಕ್ಕದಲ್ಲಿ ಕೂತು ಸಮಾಧಾನ ಹೇಳುವ ಕೆಲಸಕ್ಕೆ ಆ ಹೆಸರು. ಸಮಾಜಶಾಸ್ತ್ರಕ್ಕೆ ಅದನ್ನು ತಂದವರು ಅರ್ವಿಂಗ್ ಗಾಫ್‌ಮನ್.

ಇನ್ನೊಂದು ತೂತು ಕ್ರೆಡಿಟ್ಟಿನದ್ದೇ. ಇಲ್ಲಿ ಓದಿದ ತತ್ವಶಾಸ್ತ್ರವನ್ನು ಅಲ್ಲಿನ ವಿಶ್ವವಿದ್ಯಾಲಯ ‘ನಮ್ಮ ಕೋರ್ಸಿಗೆ ಸಮನಲ್ಲ’ ಎಂದರೆ ಆ ಓದು ಲೆಕ್ಕಕ್ಕಿಲ್ಲ. ಅಮೆರಿಕ ಸರ್ಕಾರದ ಲೆಕ್ಕಪರಿಶೋಧನಾ ಸಂಸ್ಥೆ 2017ರಲ್ಲಿ ಕೊಟ್ಟ ವರದಿಯ ಪ್ರಕಾರ, ಕಾಲೇಜು ಬದಲಿಸಿದ ವಿದ್ಯಾರ್ಥಿಗಳು ತಾವು ಗಳಿಸಿದ ಕ್ರೆಡಿಟ್ಟಿನಲ್ಲಿ ಸರಾಸರಿ ಶೇ. 43ರಷ್ಟನ್ನು ಕಳೆದುಕೊಂಡಿದ್ದರು. ಲಿಬರಲ್ ಆರ್ಟ್ಸ್ ಓದಿದವರಿಗೆ ಈ ಪೆಟ್ಟು ಜಾಸ್ತಿ ತಾಕುವುದು ಸಹಜ. ನರ್ಸಿಂಗೋ ವೆಲ್ಡಿಂಗೋ ಕಲಿತವರಿಗೆ ಎರಡು ವರ್ಷದ ಸರ್ಟಿಫಿಕೇಟೇ ಕೆಲಸ ಕೊಡುತ್ತದೆ. ಇತಿಹಾಸ, ಸಾಹಿತ್ಯ ಓದಿದವರಿಗೆ ಮುಂದಿನ ಎರಡು ವರ್ಷ ಕೂಡಿಕೊಂಡರಷ್ಟೇ ಬೆಲೆ. ದೇಶದಲ್ಲಿ ವರ್ಷಕ್ಕೆ ಕೊಡುವ ಸುಮಾರು ಹತ್ತು ಲಕ್ಷ ಅಸೋಸಿಯೇಟ್ ಪದವಿಗಳಲ್ಲಿ ಮೂರನೇ ಒಂದಕ್ಕೂ ಹೆಚ್ಚು ಪಾಲು ಲಿಬರಲ್ ಆರ್ಟ್ಸ್ ಮತ್ತು ಸಾಮಾನ್ಯ ಅಧ್ಯಯನದ್ದು ಎಂಬುದನ್ನು ನೆನೆದರೆ ನಷ್ಟದ ಗಾತ್ರ ಅಂದಾಜಾಗುತ್ತದೆ.

ಕಲಿಸುವವರ ಪಾಡನ್ನು ನಮ್ಮ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಅತಿಥಿ ಉಪನ್ಯಾಸಕರಿಗೆ ಬಿಡಿಸಿ ಹೇಳಬೇಕಿಲ್ಲ. ಕಮ್ಯುನಿಟಿ ಕಾಲೇಜಿನ ಅಧ್ಯಾಪಕರಲ್ಲಿ ಹೆಚ್ಚಿನವರು ಅರೆಕಾಲಿಕರು. ಬೆಳಿಗ್ಗೆ ಒಂದು ಊರಿನ ಕಾಲೇಜಿನಲ್ಲಿ ಪಾಠ, ಮಧ್ಯಾಹ್ನ ಐವತ್ತು ಮೈಲಿ ಆಚೆ ಇನ್ನೊಂದರಲ್ಲಿ, ನಡುವೆ ಕಾರಿನಲ್ಲೇ ಊಟ. ಕ್ಯಾಲಿಫೋರ್ನಿಯಾದಲ್ಲಿ ಇವರಿಗೆ ‘ಫ್ರೀವೇ ಫ್ಲೈಯರ್’ ಎಂದೇ ಹೆಸರು. ಮೇಷ್ಟ್ರು ಹತ್ತಿರದಿಂದ ಸಿಗುತ್ತಾರೆಂಬುದು ಸಣ್ಣ ಕಾಲೇಜಿನ ಹೆಗ್ಗಳಿಕೆಯಾದರೆ, ತರಗತಿ ಮುಗಿದೊಡನೆ ಕಾರಿನತ್ತ ಓಡಬೇಕಾದ ಮೇಷ್ಟ್ರಿಂದ ಅದು ಅರ್ಧ ಮಾತ್ರ ನಿಜವಾಗುತ್ತದೆ.

ತೂತು ಮುಚ್ಚುವ ಪ್ರಯತ್ನಗಳೂ ನಡೆದಿವೆ. ಕ್ಯಾಲಿಫೋರ್ನಿಯಾ 2010ರಲ್ಲಿ ತಂದ ಕಾಯ್ದೆಯಂತೆ, ವರ್ಗಾವಣೆಗೆಂದೇ ರೂಪಿಸಿದ ಅಸೋಸಿಯೇಟ್ ಪದವಿ ಪಡೆದವರಿಗೆ ರಾಜ್ಯ ವಿಶ್ವವಿದ್ಯಾಲಯದ ವ್ಯವಸ್ಥೆಯಲ್ಲಿ ಸೀಟು ಖಾತ್ರಿ. 2025ರಿಂದ ಅಲ್ಲಿನ ಎರಡೂ ವಿಶ್ವವಿದ್ಯಾಲಯ ಸಮೂಹಗಳಿಗೆ ಸಾಮಾನ್ಯ ಶಿಕ್ಷಣದ ಒಂದೇ ಪಟ್ಟಿ ಜಾರಿಯಾಗಿದೆ. ಟೆಕ್ಸಸ್‌ನ ಆಸ್ಟಿನ್ ಕಮ್ಯುನಿಟಿ ಕಾಲೇಜು ಬೇರೆ ದಿಕ್ಕಿನಿಂದ ಹೊರಟಿತು. ಹೊಸ ವಿದ್ಯಾರ್ಥಿಗಳಿಗೆ ‘ಓದುವುದು ಹೇಗೆ, ಸಮಯ ಹೊಂದಿಸುವುದು ಹೇಗೆ’ ಎಂದು ಹೇಳಿಕೊಡುವ ಕೋರ್ಸಿನ ಜಾಗದಲ್ಲಿ, ಹೋಮರನ ‘ಒಡಿಸ್ಸಿ’ಯಂಥ ಕೃತಿಗಳನ್ನೇ ದುಂಡಗೆ ಕೂತು ಓದಿ ಚರ್ಚಿಸುವ ತರಗತಿಯನ್ನು ಆಯ್ದುಕೊಳ್ಳಲು ಬಿಟ್ಟಿತು.

ಕನ್ನಡಿಗರ ನೆರೆಯಲ್ಲಿ

ಕ್ಲಾರ್ಕ್ ಅಡ್ಡಾಡಿದ ಸ್ಯಾನ್ ಹೊಸೆಯ ಸುತ್ತಮುತ್ತ ಈಗ ಕನ್ನಡಿಗರ ಮನೆಗಳು ಧಾರಾಳ. ಕ್ಯೂಪರ್ಟಿನೋದ ಡಿ ಆನ್ಜಾ, ಫ್ರೀಮಾಂಟ್‌ನ ಓಲೋನಿ ಕಾಲೇಜುಗಳು ಅವರ ಓಡಾಟದ ದಾರಿಯಲ್ಲೇ ಇವೆ. ಹೈಸ್ಕೂಲಿನಲ್ಲಿರುವಾಗಲೇ ಇಲ್ಲಿ ಒಂದೆರಡು ಕೋರ್ಸು ಮುಗಿಸಿ ಕ್ರೆಡಿಟ್ ಕೂಡಿಟ್ಟುಕೊಳ್ಳಲು ಮಕ್ಕಳಿಗೆ ಅವಕಾಶವಿದೆ, ಸಾಮಾನ್ಯವಾಗಿ ಬೋಧನಾ ಶುಲ್ಕವಿಲ್ಲದೆ. ಗಂಡನ ಅಥವಾ ಹೆಂಡತಿಯ ಉದ್ಯೋಗದ ಬೆನ್ನಿಗೆ ಎಚ್-4 ವೀಸಾದಲ್ಲಿ ಹೋದವರಿಗೂ ಓದಲು ಅಡ್ಡಿಯಿಲ್ಲ. ಕೆಲಸ ಮಾಡುವ ಪರವಾನಗಿಗೆ ವರ್ಷಗಟ್ಟಲೆ ಕಾಯಬೇಕಾದವರಿಗೆ ಇದು ಸಣ್ಣ ಮಾತಲ್ಲ.

ಇದೇ ಹೆಸರನ್ನು ಭಾರತದಲ್ಲಿ ಹುಡುಕುವವರಿಗೆ ಒಂದು ಎಚ್ಚರಿಕೆ. ಯುಜಿಸಿ 2013ರ ಸುಮಾರಿಗೆ ಶುರುಮಾಡಿದ ‘ಕಮ್ಯುನಿಟಿ ಕಾಲೇಜು’ ಯೋಜನೆ ಕೌಶಲ ತರಬೇತಿಯದ್ದು. ಅಲ್ಲಿ ಷೇಕ್ಸ್‌ಪಿಯರ್ ಸಿಗುವುದಿಲ್ಲ. ಹಲವು ವಿದ್ಯೆಗಳನ್ನು ಬೆರೆಸಿ ಓದುವ ಕಲ್ಪನೆ ನಮ್ಮಲ್ಲಿ ಬಂದದ್ದು ಹೊಸ ಶಿಕ್ಷಣ ನೀತಿಯ ದಾರಿಯಿಂದ. ಅದನ್ನು ದೇಶದಲ್ಲೇ ಮೊದಲು ಜಾರಿಗೆ ತಂದ ಕರ್ನಾಟಕ, 2021ರಿಂದ ಮೂರು ವರ್ಷ ಬಿಎಸ್ಸಿ ಹುಡುಗರಿಗೂ ಮಾನವಿಕ ವಿಷಯದ ಮುಕ್ತ ಐಚ್ಛಿಕ ಪತ್ರಿಕೆ ಓದಿಸಿತು. 2024ರಲ್ಲಿ ರಾಜ್ಯ ಆ ಕ್ರಮವನ್ನು ಬಿಟ್ಟು ಹಳೆಯ ಮೂರು ವರ್ಷದ ಪದವಿಗೆ ಮರಳಿತು.

ಪೂರ್ವಕ್ಕೆ ತೆರೆದ ಬಾಗಿಲು

ಎಲ್ಲರೂ ಓದಲೇಬೇಕಾದದ್ದು ಯಾವುದು ಎಂದು ತೀರ್ಮಾನಿಸುವವರು ಯಾರು? ಈ ಪ್ರಶ್ನೆಯನ್ನು ಅತಿ ಗಟ್ಟಿಯಾಗಿ ಕೇಳಿದ್ದು ಅರಿಜೋನಾದ ಒಂದು ಪುಟ್ಟ ಕಾಲೇಜು. ನವಾಹೊ ಮೂಲನಿವಾಸಿಗಳ ನಾಡು ಅರಿಜೋನಾ, ನ್ಯೂಮೆಕ್ಸಿಕೊ, ಯೂಟಾ ರಾಜ್ಯಗಳಲ್ಲಿ ಹರಡಿಕೊಂಡ ಸುಮಾರು 70,000 ಚದರ ಕಿಲೋಮೀಟರಿನ ಒಣ ಪ್ರಸ್ಥಭೂಮಿ, ಅಂದರೆ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ತುಸು ದೊಡ್ಡದು. ಇಲ್ಲಿನ ಮಕ್ಕಳನ್ನು ದಶಕಗಳ ಕಾಲ ಸರ್ಕಾರಿ ಬೋರ್ಡಿಂಗ್ ಶಾಲೆಗಳಿಗೆ ಸೇರಿಸಿ, ಕೂದಲು ಕತ್ತರಿಸಿ, ಅವರ ನುಡಿಯನ್ನು ಬಿಡಿಸಲಾಗಿತ್ತು. ಅದೇ ನುಡಿ ಎರಡನೇ ಮಹಾಯುದ್ಧದಲ್ಲಿ ಶತ್ರುವಿಗೆ ಭೇದಿಸಲಾಗದ ಸಂಕೇತವಾಗಿ ಅಮೆರಿಕದ ಸೈನ್ಯಕ್ಕೆ ಒದಗಿತು.

ನವಾಹೊ ಬುಡಕಟ್ಟು ಮಂಡಳಿ 1968ರಲ್ಲಿ ತನ್ನದೇ ಕಾಲೇಜು ಸ್ಥಾಪಿಸಿತು. ಹೆಸರು ನವಾಹೊ ಕಮ್ಯುನಿಟಿ ಕಾಲೇಜು. ಬುಡಕಟ್ಟೊಂದು ತಾನೇ ನಡೆಸುವ ಕಾಲೇಜು ದೇಶದಲ್ಲಿ ಇದೇ ಮೊದಲು. ಇಂದು ಅಂಥವು ಮೂವತ್ತಕ್ಕೂ ಹೆಚ್ಚಿವೆ. ಮೆನಿ ಫಾರ್ಮ್ಸ್ ಎಂಬಲ್ಲಿನ ಹೈಸ್ಕೂಲು ಕಟ್ಟಡದಲ್ಲಿ 1969ರ ಜನವರಿಯಲ್ಲಿ ಪಾಠ ಶುರುವಾಯಿತು. 1973ರಲ್ಲಿ ಸೇಲಿ ಎಂಬ ಊರಿನಲ್ಲಿ ಸ್ವಂತ ಆವರಣ ಸಿದ್ಧವಾಯಿತು. ನವಾಹೊ ಜನರ ಸಾಂಪ್ರದಾಯಿಕ ಮನೆ ‘ಹೋಗನ್’, ಅದರ ಬಾಗಿಲು ಪೂರ್ವಕ್ಕೆ. ಕಾಲೇಜಿನ ಆವರಣವೂ ಅದನ್ನೇ ಅನುಸರಿಸಿ ದುಂಡಗೆ ಹರಡಿಕೊಂಡಿದೆ. ನಡುವೆ ಎಂಟು ಮೂಲೆಯ ಗಾಜಿನ ಕಟ್ಟಡ. ಕಾಲೇಜಿನ ಮೊದಲ ನವಾಹೊ ಅಧ್ಯಕ್ಷ ನೆಡ್ ಹತಾಥ್ಲಿಯವರ ಹೆಸರು ಅದಕ್ಕಿದೆ. 1997ರಲ್ಲಿ ಕಾಲೇಜು ತನ್ನ ಹೆಸರನ್ನೂ ಬದಲಿಸಿಕೊಂಡು ಡಿನೇ ಕಾಲೇಜಾಯಿತು. ‘ಡಿನೇ’ ಎಂಬುದು ನವಾಹೊ ಜನ ತಮ್ಮನ್ನು ತಾವು ಕರೆದುಕೊಳ್ಳುವ ಹೆಸರು.

ಓದುವವರು ಒಂದೂವರೆ ಸಾವಿರದ ಆಸುಪಾಸು. ಈಗ ನಾಲ್ಕು ವರ್ಷದ ಪದವಿಗಳೂ ಇವೆ, ಬೇರು ಮಾತ್ರ ಎರಡು ವರ್ಷದ ಲಿಬರಲ್ ಆರ್ಟ್ಸಿನಲ್ಲೇ. ಕಲಿಕೆಯ ಕ್ರಮಕ್ಕೆ ಇಲ್ಲಿ ನಾಲ್ಕು ನವಾಹೊ ಪದಗಳು ಆಧಾರ: ನಿತ್ಸಾಹಾಕೀಸ್, ನಹಾತಾ, ಈನಾ, ಸಿಹಾಸಿನ್. ಯೋಚಿಸುವುದು, ಯೋಜಿಸುವುದು, ಬಾಳುವುದು, ಭರವಸೆ ತಂದುಕೊಳ್ಳುವುದು. ಒಂದೊಂದಕ್ಕೂ ಒಂದೊಂದು ದಿಕ್ಕು, ಮೊದಲನೆಯದು ಪೂರ್ವದ್ದು. ಇಂಗ್ಲಿಷ್ ಬರವಣಿಗೆ, ಬೀಜಗಣಿತ, ಜೀವವಿಜ್ಞಾನ ಬೇರೆ ಕಾಲೇಜುಗಳಲ್ಲಿದ್ದಂತೆಯೇ ಇಲ್ಲಿಯೂ ಇವೆ. ಅವುಗಳ ಪಕ್ಕದಲ್ಲೇ ನವಾಹೊ ಭಾಷೆ, ನವಾಹೊ ಇತಿಹಾಸ ಮತ್ತು ಸಂಸ್ಕೃತಿ ಸಾಮಾನ್ಯ ಶಿಕ್ಷಣದ ಭಾಗವಾಗಿ ಕೂತಿವೆ. ಆ ನುಡಿಯ ಕ್ರಿಯಾಪದಗಳು ಕಲಿಯುವವರನ್ನು ಹೈರಾಣು ಮಾಡುವಷ್ಟು ಜಟಿಲ. ಅದನ್ನು ಆಡಿದ್ದಕ್ಕೆ ಬೋರ್ಡಿಂಗ್ ಶಾಲೆಯಲ್ಲಿ ಶಿಕ್ಷೆ ಅನುಭವಿಸಿದವರ ಮೊಮ್ಮಕ್ಕಳು ಈಗ ಅದರಲ್ಲಿ ಪರೀಕ್ಷೆ ಬರೆಯುತ್ತಾರೆ. ಅರವತ್ತು ಕ್ರೆಡಿಟ್ಟಿನಲ್ಲಿ ಅದೂ ಲೆಕ್ಕಕ್ಕೆ.